ಬೋರಲು ಬುಟ್ಟಿ

೩ ಸೆಪ್ಟೆಂಬರ್ ೨೦೦೭, ಶಿಡ್ಲಘಟ್ಟ

ಇಂದು ಚಿಂತಾಮಣಿ ರಸ್ತೆಯ ನಮ್ಮ ಚಾಕಿ ಮನೆಗೆ ಹೋದೆ. ನಮ್ಮ ಯಜಮಾನರಿದ್ದಾಗ ವರ್ಷಕ್ಕೊಮ್ಮೆ ಆಯುಧಪೂಜೆಯಂದು ಹೋಗಿ, ಬಾಗಿಲಲ್ಲಿ ನಿಂತು, ಮಂಗಳಾರತಿ ತೆಗೆದುಕೊಂಡು ಹಿಂದಿರುಗುತ್ತಿದ್ದೆ. ಒಳಗೆ ಕಾಲಿಟ್ಟದ್ದು ಇದೇ ಮೊದಲು. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಅವು ಎರಡು ಸಲ ಪೊರೆ ಕಳಚುವವರೆಗೆ ಸಾಕಿ, ಅನಂತರ ರೈತರಿಗೆ ಒಪ್ಪಿಸುವುದು ಇಲ್ಲಿಯ ಕೆಲಸ. ಒಂದನೆಯ, ಎರಡನೆಯ ತರಗತಿ ದಾಟಿಸಿ ಮಕ್ಕಳನ್ನು ಮುಂದಿನ ಶಾಲೆಗೆ ಕಳುಹಿಸಿದ ಹಾಗೆ ಎಂದು ಅವರು ಹೇಳುತ್ತಿದ್ದರು. ನನ್ನನ್ನು ನಗಿಸಲು ಹೇಳುತ್ತಿದ್ದರೆಂದು ಈಗ ತೋರುತ್ತದೆ. ನಾನು ನಕ್ಕ ನೆನಪಿಲ್ಲ.

ಅವರು ತೀರಿಕೊಂಡದ್ದು ಜುಲೈಯಲ್ಲಿ. ನಾನು ಅತ್ತಿಲ್ಲವೆಂಬುದನ್ನು ಬಂಧುಗಳು ಗಮನಿಸಿದ್ದಾರೆ. ನಾನೂ ಗಮನಿಸಿದ್ದೇನೆ.

ಮೈದುನ ರಮೇಶ್‌ಬಾಬು ಟೊಮೇಟೊ ಕ್ರೇಟುಗಳನ್ನಿಡಲು ಆ ಕಟ್ಟಡವನ್ನು ಕೇಳಿದ್ದಾನೆ. ದೀಪಾವಳಿ ಕಳೆದ ಮೇಲೆ ಬೀಗದ ಕೈ ಕೊಡುವೆನೆಂದು ಒಪ್ಪಿದ್ದೇನೆ. ಅಲ್ಲಿಯವರೆಗೆ, ಅವರು ಯಾವ ರೈತರಿಗೆ ಹುಳು ಕೊಡುವುದಾಗಿ ಮಾತು ಕೊಟ್ಟಿದ್ದರೋ ಅವರಿಗೆ ಕೊಟ್ಟು ಮುಗಿಸಬೇಕು.

ಕೆಲಸಕ್ಕಿರುವವರು ಇಬ್ಬರು. ಚಿಕ್ಕವೆಂಕಟಮ್ಮ, ಕಟ್ಟಡಕ್ಕೆ ಇನ್ನೂ ಹುಲ್ಲಿನ ಸೂರಿದ್ದ ಕಾಲದಿಂದ ಇರುವವಳು. ಯಾಮಿನಿ, ಮಂಚೇನಹಳ್ಳಿಯ ಹುಡುಗಿ. ರೇಷ್ಮೆ ಕೃಷಿಯಲ್ಲಿ ಡಿಪ್ಲೊಮಾ ಮಾಡಿ ಕಳೆದ ವರ್ಷ ಸೇರಿದವಳು, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಇಬ್ಬರೂ ಪರಸ್ಪರ ಮಾತನಾಡುವುದಿಲ್ಲ.

“ಮೇಡಮ್ಮಾ, ಆ ಉಡ್ಗೀಗೆ ಏಳಿ, ಸೊಪ್ಪು ಇನ್ನೂ ಸಣ್ಣಕ್ಕೆ ಎಚ್ಬೇಕು ಅಂತ,” ಎಂದಳು ಚಿಕ್ಕವೆಂಕಟಮ್ಮ. ಆ ಹುಡುಗಿ ಆಕೆಯ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತಿದ್ದಳು.

“ಮೇಡಮ್, ಅಜ್ಜಿಗೆ ಹೇಳಿ, ಟ್ರೇನಿಂಗಲ್ಲಿ ಹೇಳಿಕೊಟ್ಟಿರೋ ಸೈಜಿಗೇ ಹೆಚ್ತಾ ಇದೀನಿ ಅಂತ.”

“ಯಾರೇ ಅಜ್ಜಿ? ನನ್ ಮಗಳಿಗಿನ್ನೂ ಮದ್ವೇನೇ ಆಗಿಲ್ಲ, ಆಗ್ಲೇ ಮೊಮ್ಮಗಳು ಬಂದು ನಿಂತವ್ಳೆ!”

ಒಬ್ಬಳಲ್ಲಿ ಹಕಾರವಿಲ್ಲ, ಇನ್ನೊಬ್ಬಳಲ್ಲಿ ಕನ್ನಡವೇ ಅರ್ಧ. ಹುಳು ಪೊರೆ ಕಳಚುವುದನ್ನು ಇಬ್ಬರೂ ‘ಜ್ವರ’ವೆನ್ನುತ್ತಾರೆ. ಆಗ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ, ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಇರುತ್ತವೆಯಂತೆ. ಅದು ಜ್ವರವಲ್ಲ, ಬೆಳವಣಿಗೆಯ ಒಂದು ಅವಸ್ಥೆ. ಇದು ತಪ್ಪು ಪ್ರಯೋಗವೆಂದು ತಿದ್ದಿದೆ. ಇಬ್ಬರೂ ತಲೆಯಾಡಿಸಿದರು. ಅವರು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

೬ ಸೆಪ್ಟೆಂಬರ್

ಜಗಳದ ಮೂಲ ತಿಳಿಯಿತು. ಚಿಕ್ಕವೆಂಕಟಮ್ಮ ಹೊಗೆಸೊಪ್ಪು ಹಾಕುತ್ತಾಳೆ. ಹೊಗೆಸೊಪ್ಪು ಹುಳುವಿಗೆ ವಿಷ. ಯಾಮಿನಿ ಮುಖಕ್ಕೆ ಪೌಡರು ಬಳಿದುಕೊಳ್ಳುತ್ತಾಳೆ. ಆ ವಾಸನೆಯೂ ಹುಳುವಿಗೆ ಒಗ್ಗದು. ಇಬ್ಬರು ಹೇಳುವುದೂ ನಿಜ. ತನ್ನದನ್ನು ಬಿಡಲು ಇಬ್ಬರೂ ಸಿದ್ಧರಿಲ್ಲ.

“ಸೋಪಾಕಿ ಕೈ ತೊಳ್ಕೊಂಡೇ ನಾನು ಒಳಕ್ಕೆ ಬರಾದು. ಯಜಮಾನ್ರ ಕಾಲ್ದಿಂದ್ಲೂ ಅಂಗೇ. ಇವ್ಳು ಮಕ ತೊಳ್ಕೊಂಡ್ ಬರ್ಲಿ ಮೊದ್ಲು. ಇಲ್ಲೇನು ಇವ್ಳನ್ನ ನೋಡಕ್ಕೆ ಗಂಡಿನೋರು ಬತ್ತಾರಾ?”

“ನೋಡಿ ಮೇಡಮ್, ಹೆಂಗ್ ಮಾತಾಡುತ್ತೆ! ಹೊಗೆಸೊಪ್ಪು ಒಂದ್ ಚೂರು ಬಿದ್ರೆ ಇಡೀ ಟ್ರೇ ಔಟು.”

“ಬಿದ್ದೈತಾ? ಯಾವತ್ತಾನ ಬಿದ್ದೈತೇನೇ? ಏಳೇ ನೋಡಣ!”

ಬೈಯುವಾಗ ಮಾತ್ರ ಅವರು ಮಧ್ಯವರ್ತಿಯಿಲ್ಲದೆ ಮಾತನಾಡುತ್ತಾರೆ. ನಾನು ಹಣೆಗೆ ನೋವಿನ ಮುಲಾಮು ಹಚ್ಚಿಕೊಂಡು, ಹುಳುಗಳ ತಟ್ಟೆಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತೆ. ಇಬ್ಬರೂ ನನ್ನ ಹಣೆಯನ್ನು ನೋಡಿದರು. ಏನೂ ಹೇಳಲಿಲ್ಲ.

೧೦ ಸೆಪ್ಟೆಂಬರ್

ತರಗತಿಯಲ್ಲಿ ಇಬ್ಬರು ಕಿತ್ತಾಡಿದರೆ ಬೆಂಚು ಬದಲಿಸಬೇಕು. ಮುಖ್ಯೋಪಾಧ್ಯಾಯಿನಿಯಾಗಿ ನಾನು ಎಂದೂ ಬೇರೆ ಉಪಾಯ ಹುಡುಕಿದವಳಲ್ಲ. ಬೆಳಗಿನ ಪಾಳಿ ಚಿಕ್ಕವೆಂಕಟಮ್ಮನದು, ಮಧ್ಯಾಹ್ನದಿಂದ ಯಾಮಿನಿಯದು ಎಂದು ನಿಗದಿಪಡಿಸಿದೆ. ಒಬ್ಬಳು ಬರುವ ಮುನ್ನ ಇನ್ನೊಬ್ಬಳು ಹೊರಟಿರಬೇಕು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಹಿತ್ತಾಳೆಯ ಕೈಗಂಟೆಯನ್ನು ಒಯ್ದಿದ್ದೇನೆ. ಗಂಟೆ ಬಾರಿಸಿದಾಗ ಸೊಪ್ಪು ಹಾಕತಕ್ಕದ್ದು.

“ಎಲ್ಲಾ ಟೈಮಲ್ಲೂ ಗಂಟೆ ಪ್ರಕಾರ ಆಗಲ್ಲ ಮೇಡಮ್. ಹುಳ ನೋಡ್ಕೊಂಡು—” ಎಂದು ಯಾಮಿನಿ ಆರಂಭಿಸಿದಳು.

“ಗಂಟೆ ಬಾರಿಸಿದ ಮೇಲೆ ಪ್ರಶ್ನೆ ಇರಕೂಡದು,” ಎಂದೆ.

೧೯ ಸೆಪ್ಟೆಂಬರ್

ಜಗಳ ನಿಂತಿದೆ. ಚಾಕಿ ಮನೆಯಲ್ಲಿ ಪರೀಕ್ಷಾ ಕೊಠಡಿಯ ಮೌನವಿದೆ. ಮನೆಯಲ್ಲಿಯೂ.

೨೭ ಸೆಪ್ಟೆಂಬರ್

ಕಟ್ಟಡವನ್ನು ನೋಡಲು ಮಧ್ಯಾಹ್ನ ರಮೇಶ್‌ಬಾಬು ಬಂದಿದ್ದ. ಅವನು ಬರುವ ಮುನ್ನ ಅಂಗಳ ಗುಡಿಸಿದೆ. ಚಿಕ್ಕವೆಂಕಟಮ್ಮ ಆಗಲೇ ಹೊರಟಿದ್ದಳು. ಸೊಪ್ಪಿನ ದೊಡ್ಡ ಬುಟ್ಟಿಯನ್ನು ಹೊಸ್ತಿಲ ಮೇಲೆ ಬೋರಲು ಹಾಕಿ ಹೋಗಿದ್ದಳು. ಎಡವಿ ಬೀಳಲೆಂದೇ ಇಟ್ಟಂತಿತ್ತು. ಎತ್ತಿ, ಮಗುಚಿ, ಮೂಲೆಯಲ್ಲಿ ಉಳಿದ ಬುಟ್ಟಿಗಳ ಸಾಲಿನಲ್ಲಿಟ್ಟೆ.

ರಮೇಶ್‌ಬಾಬು ಗೋಡೆಗಳನ್ನು ಗುದ್ದಿ ನೋಡಿದ. “ಗಟ್ಟಿಮುಟ್ಟಾಗಿದೆ ಅತ್ತಿಗೆ. ಅಣ್ಣ ಚೆನ್ನಾಗಿ ಕಟ್ಸಿದಾನೆ,” ಎಂದ. ಹೌದೆಂದೆ. ಅವನು ಹೋದ ಮೇಲೆ ಗಂಟೆ ಬಾರಿಸಿದೆ. ಯಾಮಿನಿ ಸೊಪ್ಪು ಹಾಕಿದಳು.

೨೮ ಸೆಪ್ಟೆಂಬರ್

ಬೆಳಗ್ಗೆ ಚಿಕ್ಕವೆಂಕಟಮ್ಮನ ಕೂಗು ರಸ್ತೆಗೇ ಕೇಳಿಸುತ್ತಿತ್ತು. ಹುಳು ಒಪ್ಪಿಸುವ ದಿನವೆಂದು ಯಾಮಿನಿಯೂ ಬೇಗ ಬಂದಿದ್ದಳು. ತಟ್ಟೆಗಳ ಮೇಲಿನ ಮೇಣದ ಕಾಗದವನ್ನು ತೆಗೆದು ತೋರಿಸಿದಳು. ನಿನ್ನೆ ಬೆಳಗ್ಗೆ ಹುಳುಗಳು ಎರಡನೆಯ ಬಾರಿ ಪೊರೆ ಕಳಚಲು ಕುಳಿತಿದ್ದವಂತೆ. ಆಗ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು, ಎಲ್ಲ ಹುಳುಗಳೂ ಏಳುವವರೆಗೆ ಕಾಯಬೇಕು. ಅವುಗಳ ಮೇಲೆ ನಿನ್ನೆ ಹಸಿ ಸೊಪ್ಪು ಬಿದ್ದಿದೆ. ಬಹುಪಾಲು ಸೊಪ್ಪಿನಡಿಯಲ್ಲಿ ಒದ್ದೆಯಲ್ಲಿ ಕೊಳೆತಿವೆ. ಬೇಗ ಎದ್ದ ಕೆಲವು ತಿಂದು ದಪ್ಪಗಾಗಿವೆ. ಒಂದು ತಟ್ಟೆಯೂ ಕೊಡಲು ಯೋಗ್ಯವಾಗಿ ಉಳಿದಿಲ್ಲ.

“ಬುಟ್ಟಿ ಬೋರ್ಲು ಆಕಿ ಓಗಿದ್ನಲ್ಲೇ! ಕಣ್ಣಿಗೇನಾಗಿತ್ತೇ ನಿಂಗೆ?”

“ಬುಟ್ಟಿ ಇರ್ಲಿಲ್ಲ! ಹೊಸ್ತಿಲ ಮೇಲೆ ಬುಟ್ಟಿನೇ ಇರ್ಲಿಲ್ಲ!”

“ಮತ್ತೆ ಬುಟ್ಟಿಗೆ ಕಾಲ್ ಬಂತಾ? ದೇವುಡಾ, ಎಂಥಾ ಸುಳ್ಳಿ ಇವ್ಳು!”

ಆಗ ತಿಳಿಯಿತು. ಹೊಸ್ತಿಲ ಮೇಲೆ ಬುಟ್ಟಿ ಬೋರಲು ಇದ್ದರೆ ಒಳಗೆ ಹುಳು ಜ್ವರಕ್ಕೆ ಕುಳಿತಿವೆ, ಯಾರೂ ಮೇವು ಹಾಕಕೂಡದು ಎಂದರ್ಥ. ಇಟ್ಟವರೇ ಬಂದು ಎತ್ತಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಯಜಮಾನರಾದ ಅವರೂ ಮುಟ್ಟುತ್ತಿರಲಿಲ್ಲವಂತೆ, ಬುಟ್ಟಿ ಕಂಡರೆ ಮರುಮಾತಿಲ್ಲದೆ ಮನೆಗೆ ಹಿಂದಿರುಗುತ್ತಿದ್ದರಂತೆ.

ಕೆಲವು ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರು ಮನೆಯಲ್ಲಿದ್ದು ಕಾಫಿ ಮಾಡಿರುತ್ತಿದ್ದರು. ಇಂದೇಕೆ ಬೇಗ ಎಂದು ನಾನು ಕೇಳಿದವಳಲ್ಲ.

ಹುಳು ಒಯ್ಯಲು ರೈತ ಕೋನಪ್ಪ ಬಂದ. ಅವನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಹದಕ್ಕೆ ಬಂದು ನಿಂತಿದೆ. ಹುಳುವಿಲ್ಲದಿದ್ದರೆ ಬಲಿತು ವ್ಯರ್ಥವಾಗುತ್ತದೆ. “ಜಯರಾಮಪ್ಪನೋರು ಇದ್ದಿದ್ರೆ ಇಂಗಾಗ್ತಿತ್ತೇನ್ರೀ?” ಎಂದು ಅಂಗಳದಲ್ಲಿ ನಿಂತು ಕೂಗಿದ. ಚಿಕ್ಕವೆಂಕಟಮ್ಮ ಯಾಮಿನಿಯತ್ತ ಕೈ ತೋರಿಸಿದಳು. ಆ ಹುಡುಗಿ ಅಳುತ್ತಾ ನಿಂತಿದ್ದಳು.

ನಾನು ಅಲ್ಲಿಯೇ ಇದ್ದೆ.

೨೯ ಸೆಪ್ಟೆಂಬರ್

ಹೇಳಲಿಲ್ಲ.

೩ ಅಕ್ಟೋಬರ್

ಸತ್ತ ಹುಳುಗಳನ್ನು ಸುಣ್ಣ ಹಾಕಿ ಹೂಳಿಸಲಾಯಿತು. ಅಂದಿನಿಂದ ಚಿಕ್ಕವೆಂಕಟಮ್ಮ ಬರುತ್ತಿಲ್ಲ. ಗೌರಿಬಿದನೂರಿನ ಗಿರಣಿಯೊಂದರಲ್ಲಿ ಕೆಲಸ ಸಿಗುವಂತಿದೆ, ಸೋಮವಾರದಿಂದ ಬರುವುದಿಲ್ಲ ಎಂದು ಯಾಮಿನಿ ಹೇಳಿದಳು. “ಆಗಲಿ” ಎಂದೆ. ದೀಪಾವಳಿಗೆ ಮುಚ್ಚಬೇಕಾದದ್ದು ಈಗಲೇ ಮುಚ್ಚುತ್ತದೆ, ವ್ಯತ್ಯಾಸವೇನೂ ಇಲ್ಲ. ಕೋನಪ್ಪನಿಗೆ ಕೊಟ್ಟ ಮಾತೊಂದು ಉಳಿಯುತ್ತದೆ. ಆ ಮಾತು ಕೊಟ್ಟವರು ನಾನಲ್ಲ, ಅವರು.

ಅವಳು ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ಸೋಮವಾರದಿಂದ ಬಾರದವಳು ಅಷ್ಟು ಚೊಕ್ಕಟವಾಗಿ ತೊಳೆಯಬೇಕಾಗಿರಲಿಲ್ಲ.

೫ ಅಕ್ಟೋಬರ್

ಚಿಕ್ಕವೆಂಕಟಮ್ಮನ ಮನೆಗೆ ಹೋದೆ. ಜಗುಲಿಯ ಮೇಲೆ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದಳು. ಚಾಪೆ ಹಾಸಿದಳು. ಕುಳಿತುಕೊಳ್ಳದೆಯೇ ಹೇಳಿದೆ.

“ಆ ಬುಟ್ಟಿಯನ್ನು ಎತ್ತಿಟ್ಟವಳು ನಾನು.”

“ಗೊತ್ತಮ್ಮಾ.”

“ಗೊತ್ತೆ?”

“ಕೋನಪ್ಪ ಓದ್ಮೇಲೆ ಮೂಲೇಲಿ ನೋಡ್ದೆ. ಇಸ್ಕೂಲ್ ಮಕ್ಕಳು ಪ್ರಾರ್ಥನೆಗೆ ನಿಂತಂಗೆ ಸಾಲಾಗಿ ನಿಂತಿತ್ತು. ನಾವ್ಯಾರಾನ ಅಂಗಿಡ್ತೀವಾ?”

“ಹಾಗಿದ್ದರೆ ಅವಳ ಮೇಲೆ ಹೊರಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿತ್ತಲ್ಲವೆ?”

“ತಗೊಂಡು ಯಾರ ಮ್ಯಾಲೆ ಆಕ್ಲಿ? ನಿಮ್ ಮ್ಯಾಲಾ? ಯಜಮಾನ್ರು ಓದಾಗ್ಲಿಂದ ನೀವು ಅಂಗೇ ಕಲ್ಲು ಕೂತಂಗೆ ಕೂತಿದೀರಾ. ನಿಮ್ಗೆ ಒಂದ್ ಮಾತು ಅನ್ನಕ್ಕೆ ಬಾಯಿ ಬರಬೇಕಲ್ಲ. ಅವ್ಳು ಚಿಕ್ಕೋಳು, ತಡ್ಕೊಂತಾಳೆ.”

“ಅವಳು ಗೌರಿಬಿದನೂರಿಗೆ ಹೋಗುತ್ತಾಳಂತೆ.”

ಕಡಲೆಕಾಯಿ ಬಿಡಿಸುವ ಕೈ ನಿಂತಿತು. “ಏಮಿ? ಓಗ್ತಾಳಂತಾ?” ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, “ಆ ಗೋಡೆ ಮ್ಯಾಲಿನ ಬಿಸಿ ನೋಡೋ ಕಡ್ಡಿ ನಂಗೆ ಕಾಣ್ಸಲ್ಲ ಮೇಡಮ್ಮಾ. ಮೊದ್ಲು ಯಜಮಾನ್ರು ಓದಿ ಏಳೋರು. ಆಮ್ಯಾಕೆ ಇವ್ಳು, ನನ್ ಜತೆ ಮಾತಾಡ್ದಿದ್ರೂ, ‘ಇಪ್ಪತ್ತೇಳು, ಇಪ್ಪತ್ತೆಂಟು’ ಅಂತ ಗೋಡೆಗೆ ಏಳಿದಂಗೆ ಏಳೋಳು, ನಂಗೆ ಕೇಳ್ಸೋ ಅಂಗೆ. ನೀವು ಪಾಳಿ ಮಾಡಿದ್ಮೇಲೆ ಅದೂ ಇಲ್ಲ. ಅಂದಾಜಿನ ಮ್ಯಾಲೆ ಮಾಡ್ತಿದ್ದೆ,” ಎಂದರು.

ಅವರು ಕಡಲೆಕಾಯಿಯನ್ನು ನನ್ನ ಮುಂದೆಯೂ ಸುರಿದರು. ಕುಳಿತು ಬಿಡಿಸಿದೆ.

೬ ಅಕ್ಟೋಬರ್

ಯಾಮಿನಿಗೆ ಹೇಳಿದೆ.

“ಈಗ ಹೇಳ್ತಾ ಇದೀರಾ ಮೇಡಮ್?”

“ಹೌದು.”

“ಕೋನಪ್ಪ ಅಂಕಲ್ ಮುಂದೆ ನಾನು ಅಳ್ತಾ ನಿಂತಿದ್ದೆ. ನೀವು ನೋಡ್ತಾ ಇದ್ರಿ.”

“ನೋಡುತ್ತಾ ಇದ್ದೆ.”

“ಅವತ್ತು ನಂಗೆ ಡೌಟ್ ಬಂದಿತ್ತು, ಗೊತ್ತಾ? ಪೇಪರ್ ಎತ್ತಿ ನೋಡಿದ್ರೆ ಹುಳ ಡಲ್ಲಾಗಿದ್ವು. ಆದ್ರೆ ಬುಟ್ಟಿ ಇಲ್ಲ, ಬೆಲ್ ಬೇರೆ ಹೊಡೆದ್ರಿ. ಅಜ್ಜಿನ ಕೇಳೋಣ ಅಂದ್ರೆ ಅಜ್ಜಿ ಇಲ್ಲ. ನಿಮ್ಮನ್ನ ಕೇಳೋಣ ಅಂದ್ರೆ ಪ್ರಶ್ನೆ ಕೇಳ್ಬಾರ್ದು ಅಂದಿದ್ರಿ. ಹಾಕ್ದೆ.” ಈ ಸಲ ಅಳುವಲ್ಲ, ಕೋಪ. ನನ್ನ ಎದುರಿಗೆ ಯಾರೂ ಹಾಗೆ ನಿಂತು ಮಾತನಾಡಿದ್ದಿಲ್ಲ. ತಿದ್ದಬೇಕಾದ ವಾಕ್ಯಗಳಿದ್ದವು. ತಿದ್ದಲಿಲ್ಲ.

ಕೋನಪ್ಪನಿಗಾಗಿ ಇನ್ನೊಂದು ಬಾರಿ ಮೊಟ್ಟೆ ತರಿಸಿ ಹುಳು ಸಾಕಿಕೊಡು, ಅನಂತರ ಹೋಗು ಎಂದು ಕೇಳಿಕೊಂಡೆ.

“ಬೆಲ್ ಬೇಡ.”

“ಆಗಲಿ.”

“ಪಾಳಿನೂ ಬೇಡ. ಅಜ್ಜಿ, ನಾನು ಒಟ್ಟಿಗೇ ಇರ್ತೀವಿ. ಬೈದ್ರೆ ಬೈಲಿ, ಪಕ್ಕದಲ್ಲಿದ್ದು ಬೈಲಿ. ಕೇಳೋಕಾದ್ರೂ ಸಿಗುತ್ತೆ.”

“ಆಗಲಿ.”

“ಕೋನಪ್ಪ ಅಂಕಲ್‌ಗೆ ನೀವೇ ಹೇಳ್ಬೇಕು. ನಮ್ಮ ಎದುರಿಗೆ.”

ಸಂಜೆ ಚಿಕ್ಕವೆಂಕಟಮ್ಮನವರನ್ನೂ ಕೋನಪ್ಪನನ್ನೂ ಕರೆಸಿ, ಅಂಗಳದಲ್ಲಿ ಅದೇ ಜಾಗದಲ್ಲಿ ನಿಂತು ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, “ನೀವು ಓದ್ಸಿರೋ ಉಡ್ಗ ನಾನು ಮೇಡಮ್. ಮೂರ್ನೇ ಕ್ಲಾಸು. ನೀವೂ ತಪ್ಪು ಮಾಡ್ತೀರಾ ಅಂತ ಆಗ್ಲೇ ಗೊತ್ತಿದ್ದಿದ್ರೆ ಇಸ್ಕೂಲ್ ಬಿಡ್ತಿರ್ಲಿಲ್ಲ,” ಎಂದ. ಚಿಕ್ಕವೆಂಕಟಮ್ಮನವರು ಜೋರಾಗಿ ನಕ್ಕರು. ಯಾಮಿನಿ ನಗಲಿಲ್ಲ. ಅದು ನ್ಯಾಯವೇ.

೨೦ ಅಕ್ಟೋಬರ್, ಆಯುಧಪೂಜೆ

ಹೊಸ ಹುಳುಗಳು ಇಂದು ಎರಡನೆಯ ಜ್ವರಕ್ಕೆ ಕುಳಿತವು. ನಾನು ಹೋಗುವಷ್ಟರಲ್ಲಿ ಹೊಸ್ತಿಲ ಮೇಲೆ ಬುಟ್ಟಿ ಬೋರಲಿತ್ತು. ಹಾಗಾಗಿ ಸೊಪ್ಪು ಹೆಚ್ಚುವ ಕತ್ತಿ, ಮೊರ, ತಕ್ಕಡಿಗಳಿಗೆ ಅಂಗಳದಲ್ಲೇ ಪೂಜೆಯಾಯಿತು. ಊದುಬತ್ತಿಯನ್ನು ದೂರದ ಬೇಲಿಯ ಬಳಿ ಹಚ್ಚಿದರು.

“ಬುಟ್ಟೀಗೆ?” ಎಂದಳು ಯಾಮಿನಿ.

“ಅದನ್ನ ಅಳ್ಳಾಡಿಸಬ್ಯಾಡ ಕಣೇ. ಅಂಗೇ ಇಟ್ಬುಟ್ಟು ಬೆನ್ನಿಗೆ ಕುಂಕುಮ ಇಡು.”

“ಅಜ್ಜೀ, ಅದಕ್ಕೆ ಬೆನ್ನು ಯಾವ್ದು, ಹೊಟ್ಟೆ ಯಾವ್ದು?”

“ನಿಮ್ ಡಿಪ್ಲೊಮಾದಾಗೆ ಏಳಿಕೊಟ್ಟಿಲ್ವಾ?”

ಬುಟ್ಟಿಯ ಬೆನ್ನಿಗೆ ಕುಂಕುಮವಿಟ್ಟು ಮಂಗಳಾರತಿ ಎತ್ತಿದರು. ಹೊರಗೋಡೆಯ ಗೂಡಿನಲ್ಲಿ ಹೊಗೆಸೊಪ್ಪಿನ ಚೀಲವೂ ಪೌಡರಿನ ಡಬ್ಬಿಯೂ ಒತ್ತಿಕೊಂಡು ಕುಳಿತಿವೆ. ಕೆಲಸ ಮುಗಿಯುವವರೆಗೆ ಇಬ್ಬರೂ ಅತ್ತ ಕೈ ಚಾಚುವುದಿಲ್ಲವಂತೆ. ಒಬ್ಬರನ್ನೊಬ್ಬರು ಕಾಯುತ್ತಿರುತ್ತಾರೆ.

“ಮೇಡಮ್,” ಎಂದಳು ಯಾಮಿನಿ, “ನಿಮ್ಮ ಮುಲಾಮು ಡಬ್ಬಿನೂ ಅಲ್ಲೇ ಇಡಿ. ಇನ್ಮೇಲೆ ಹಣೆ ತೊಳ್ಕೊಂಡು ಒಳಗೆ ಬರ್ಬೇಕು.”

“ಇದನ್ನು ಮೊದಲೇ ಹೇಳಬಹುದಾಗಿತ್ತು.”

“ಮೊದ್ಲು ಏಳಕ್ಕಾಗ್ತಿತ್ತಾ?” ಎಂದರು ಚಿಕ್ಕವೆಂಕಟಮ್ಮನವರು.

ಬಾವಿಯ ಬಳಿ ಹೋಗಿ ಹಣೆ ತೊಳೆದುಕೊಂಡೆ. ನೀರು ತಣ್ಣಗಿತ್ತು. ಮುಲಾಮಿನ ಡಬ್ಬಿಯನ್ನು ಗೂಡಿನಲ್ಲಿಟ್ಟೆ. ಮೂರೂ ಹೇಗೋ ಹಿಡಿಸಿದವು.

೨೩ ಅಕ್ಟೋಬರ್

ಕೋನಪ್ಪ ಹುಳು ಒಯ್ದ. ಎಲ್ಲವೂ ಒಂದೇ ಸಮನಾಗಿ ಎದ್ದಿದ್ದವು. ಗೌರಿಬಿದನೂರಿಗೆ ಯಾವಾಗ ಹೊರಡುವೆ ಎಂದು ಯಾಮಿನಿಯನ್ನು ಕೇಳಿದೆ. “ನೋಡ್ತೀನಿ ಮೇಡಮ್,” ಎಂದು ತಟ್ಟೆ ತೊಳೆಯಲು ಹೋದಳು. ಬೀಗದ ಕೈ ಕೊಡುವೆನೆಂದು ರಮೇಶ್‌ಬಾಬುವಿಗೆ ಹೇಳಿದ ದಿನ ನವೆಂಬರ್ ಹನ್ನೆರಡು.

೧೨ ನವೆಂಬರ್

ವರ್ಷದೊಳಗೆ ಹಬ್ಬವಿಲ್ಲವೆಂದು ದೀಪಾವಳಿಗೆ ದೀಪ ಹಚ್ಚಲಿಲ್ಲ. ಬೀದಿಯಲ್ಲೆಲ್ಲ ಹಚ್ಚಿದ್ದರು. ಅಂದು ಮಲಗಿದವಳು ಸರಿಯಾಗಿ ಎದ್ದಿಲ್ಲ. ಕಾಯಿಲೆಯಿಲ್ಲ; ಮೈ ತಣ್ಣಗಿದೆ. ಊಟ ಬೇಡವಾಗಿದೆ. ಹಾಸಿಗೆಯ ಮೇಲೆ ಗೋಡೆಗೊರಗಿ ಕುಳಿತಿದ್ದೇನೆ, ಅಷ್ಟೆ. ಇದಕ್ಕೆ ಸರಿಯಾದ ಪದ ಯಾವುದೆಂದು ಯೋಚಿಸಿದೆ. ಹೊಳೆಯಲಿಲ್ಲ.

ಬೆಳಗ್ಗೆ ಬಾಗಿಲು ಸದ್ದಾಯಿತು. ಅಗುಳಿ ಹಾಕಿರಲಿಲ್ಲ. ಇಬ್ಬರೂ ಬಂದು ಕೋಣೆಯ ಬಾಗಿಲಲ್ಲಿ ನಿಂತರು. ನಾನು ಕಣ್ಣು ತೆರೆಯಲಿಲ್ಲ.

“ಮಾತಾಡ್ಸಲಾ ಅಜ್ಜಿ?”

“ಬ್ಯಾಡ. ಎಂಗ್ ಕೂತವ್ರೆ ನೋಡು. ಈಗ ಮುಟ್ಟಬಾರ್ದು.”

“ಊಟ ತಂದಿದೀನಲ್ಲ?”

“ಈಗಿಕ್ಕಿದ್ರೆ ತಿನ್ನಲ್ಲ. ಎದ್ಮೇಲೆ ಅವ್ರೇ ಕೇಳ್ತಾರೆ. ಬಾ.”

ಹೊಸ್ತಿಲ ಮೇಲೆ ಏನನ್ನೋ ಇಟ್ಟ ಸದ್ದು. ಅವರು ಹೋಗಲಿಲ್ಲ; ಜಗುಲಿಯ ಮೇಲೆ ಕುಳಿತರು. ಮಧ್ಯಾಹ್ನ ರಮೇಶ್‌ಬಾಬುವಿನ ಮೋಟಾರ್ ಸೈಕಲ್ ಬಂತು.

“ಅತ್ತಿಗೆ ಇದಾರಾ?”

“ಅವ್ರೆ. ಸಿಕ್ಕಲ್ಲ. ಬುಟ್ಟಿ ಕಾಣ್ಸಲ್ವಾ?”

“ಏನಮ್ಮ ಬುಟ್ಟಿ? ಚಾಕಿ ಮನೆ ಬೀಗದ ಕೈ ಕೊಡ್ತೀನಿ ಅಂದಿದ್ರು ಇವತ್ತು.”

“ಇವತ್ತು ಆಗಲ್ಲ ಸಾರ್,” ಎಂದಳು ಯಾಮಿನಿ. “ಗುರುವಾರ ಹೊಸ ಮೊಟ್ಟೆ ಬರ್ತಾ ಇದೆ.”

“ಯಾರು ತರ್ಸಿದ್ದು?”

“ನಾವು,” ಎಂದರು ಚಿಕ್ಕವೆಂಕಟಮ್ಮನವರು.

ಮೊಟ್ಟೆ ತರಿಸಲು ನಾನು ಹೇಳಿರಲಿಲ್ಲ. ಆ ಅಧಿಕಾರವನ್ನು ಅವರಿಗೆ ಕೊಟ್ಟಿರಲೂ ಇಲ್ಲ. ಬೀಗದ ಕೈ ನನ್ನ ದಿಂಬಿನ ಪಕ್ಕದಲ್ಲೇ ಇತ್ತು. ಒಂದು ಕೂಗು ಹಾಕಿದ್ದರೆ ರಮೇಶ್‌ಬಾಬು ಒಳಗೆ ಬರುತ್ತಿದ್ದ. ಮೋಟಾರ್ ಸೈಕಲ್ಲಿನ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು, ಅನಂತರ ನಿಂತುಹೋಯಿತು. ಆಮೇಲೆ ಅವರಿಬ್ಬರೂ ಬಸ್ಸಿಗೆ ಹೊರಟರು. ಸೊಪ್ಪು ಯಾವ ತೋಟದಿಂದ ತರಿಸುವುದೆಂದು ವಾದಿಸುತ್ತಾ ಹೋದರು.

ಸಂಜೆ ಎದ್ದು ಹೊರಬಾಗಿಲಿಗೆ ಹೋದೆ. ಹೊಸ್ತಿಲ ಮೇಲೆ ಸೊಪ್ಪಿನ ದೊಡ್ಡ ಬುಟ್ಟಿ ಬೋರಲಾಗಿತ್ತು. ಅದರ ಬೆನ್ನಿನಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಚಿಂತಾಮಣಿ ರಸ್ತೆಯಿಂದ ಅದನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದಾರೆ. ಹೊಸ್ತಿಲಿಗೆ ಓರೆಯಾಗಿ ಇಟ್ಟಿದ್ದರು. ನೇರ ಮಾಡಲು ಕೈ ಚಾಚಿದೆ. ಹಿಂದಕ್ಕೆ ತೆಗೆದುಕೊಂಡೆ.

ಅದರ ಪಕ್ಕದಲ್ಲೇ ಬಾಗಿಲಿಗೊರಗಿ ಕುಳಿತೆ. ಕತ್ತಲಾದದ್ದು ತಿಳಿಯಲಿಲ್ಲ. ಒಳಗೆ ಬಂದು ದೀಪ ಹಾಕಿದಾಗ ಸೆರಗು ಪೂರ್ತಿ ಒದ್ದೆಯಾಗಿತ್ತು.

ಈಗ ಹಸಿವಾಗುತ್ತಿದೆ. ಬುಟ್ಟಿ ಇನ್ನೂ ಬೋರಲೇ ಇದೆ. ಇಟ್ಟವರೇ ಬಂದು ಎತ್ತಬೇಕು.